ಪ್ರಾರ್ಥನೆಯ ಗುಂಡಿ

ಆ ಗುಂಡಿಯನ್ನು ಅವಳು ಪ್ರೀತಿಯಿಂದಲೇ ಮಾಡಿದ್ದಳು. ಉಡಾಫೆಯಿಂದ ಮಾಡಿದ್ದರೆ, ಇಲ್ಲವೇ ಯಾರದೋ ಕಣ್ಣಿಗೆ ಮಣ್ಣೆರಚಲು ಮಾಡಿದ್ದರೆ, ಆಮೇಲೆ ತನ್ನನ್ನು ತಾನು ಬೈದುಕೊಳ್ಳುವುದಾದರೂ ಸುಲಭವಾಗುತ್ತಿತ್ತು.

ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ ಅವಳು ಪಾದ್ರಿಮಗಳು. ಕ್ರೈಸ್ತ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿ ಪದಕ ಹಾಕಿಸಿಕೊಂಡು ಬಂದಿದ್ದರೇನು, ಆ ಕಟ್ಟಡದ ಮೆಟ್ಟಿಲು ಹತ್ತಿದ ಕೂಡಲೇ ಪಾದ್ರಿಮಗಳೇ. ಅವಳ ಅಪ್ಪ ಅಲ್ಲಿನ ಪಾದ್ರಿ. ಇಪ್ಪತ್ತಾರು ವರ್ಷದಿಂದ ದಿನಾ ಬೆಳಿಗ್ಗೆ ಏಳೂವರೆಗೆ ಕೆಳಗಿನ ಪುಟ್ಟ ಕೋಣೆಯಲ್ಲಿ ಮೈಕಿನ ಮುಂದೆ ನಿಂತು ಪ್ರಾರ್ಥನೆ ಮಾಡುತ್ತಿದ್ದವರು. ಪ್ರತಿ ವಾರ್ಡಿನ ಗೋಡೆಯ ಮೇಲಿದ್ದ ಸ್ಪೀಕರಿನಲ್ಲಿ ಅವರ ದನಿ ಕೇಳಿಸಿದ್ದೇ ತಡ, ನೆಲ ಒರೆಸುವವಳು ಕೋಲನ್ನು ಗೋಡೆಗೆ ಒರಗಿಸಿ ನಿಲ್ಲುತ್ತಿದ್ದಳು. ನರ್ಸುಗಳು ಟ್ರೇ ಕೆಳಗಿಟ್ಟು ತಲೆ ಬಾಗಿಸುತ್ತಿದ್ದರು. ಎಲ್ಲರ ಕಣ್ಣೂ ಮುಚ್ಚಿಕೊಳ್ಳುತ್ತಿತ್ತು.

ಅಪ್ಪನ ಪ್ರಾರ್ಥನೆ ಉದ್ದ. ಮನೆಯಲ್ಲಿ ಅದೊಂದು ಹಳೆಯ ತಮಾಷೆ. ತಟ್ಟೆಯ ಮುಂದೆ ಕೂತು ಕಣ್ಣು ಮುಚ್ಚಿದರೆಂದರೆ ಅನಾಥರು, ಸೈನಿಕರು, ಕಡಲಲ್ಲಿರುವವರು, ಪರೀಕ್ಷೆ ಬರೆಯುವವರು, ಯಾರನ್ನೂ ಬಿಡುವ ಹಾಗಿಲ್ಲ. "ನಿಮ್ಮಪ್ಪನ ಆಮೆನ್ ಬರೋ ಹೊತ್ತಿಗೆ ಊಟ ಮೂರು ಸಲ ಬಿಸಿ ಮಾಡ್ಬೇಕು," ಎಂದು ಅಮ್ಮ ಬದುಕಿದ್ದಾಗ ಗೊಣಗುತ್ತಿದ್ದಳು. ಗೊಣಗುತ್ತಲೇ ಮೂರು ಸಲ ಬಿಸಿ ಮಾಡುತ್ತಿದ್ದಳು.

ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳ ವಾರ್ಡು ಎರಡನೇ ಮಹಡಿಯಲ್ಲಿತ್ತು. ಹನ್ನೆರಡು ತೊಟ್ಟಿಲು. ಆ ಕೂಸುಗಳಿಗೆ ಒಂದು ಕೆಟ್ಟ ಚಾಳಿ: ಮಲಗಿದ್ದಲ್ಲೇ ಉಸಿರಾಡುವುದನ್ನು ಮರೆತುಬಿಡುತ್ತವೆ. ಕಾಯಿಲೆ ಅಂತಲ್ಲ, ಬರೀ ಮರೆವು. ಅಂಗಾಲಿಗೆ ಬೆರಳಿನಿಂದ ಒಂದು ಸಣ್ಣ ಪೆಟ್ಟು ಕೊಟ್ಟರೆ ಬೆಚ್ಚಿ, ನೆನಪಾಗಿ, ಮತ್ತೆ ಎಳೆದುಕೊಳ್ಳುತ್ತವೆ. ಪೆಟ್ಟು ಕೊಡಲು ಯಾರೂ ಇಲ್ಲದಿದ್ದರೆ ಮರೆತದ್ದು ಮರೆತ ಹಾಗೆಯೇ.

ಈ ಪೆಟ್ಟು ಕೊಡುವುದನ್ನು ತಾಯಂದಿರಿಗೆ ಕಲಿಸುತ್ತಿದ್ದವಳು ವಾರ್ಡಿನ ಹಳೆಯ ಆಯಾ. ಎಲ್ಲರೂ ಅವಳನ್ನು ಬೆರಳಜ್ಜಿ ಎನ್ನುತ್ತಿದ್ದರು. "ತೋರುಬೆರಳು ಕೂಸಿನ ಅಂಗಾಲಿಗೆ ತಾಗಿಸಿಕೊಂಡೇ ಇರಬೇಕು. ಉಸಿರು ನಿಂತಿದ್ದು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತೆ," ಎನ್ನುವಳು. ತಾಯಿ ಊಟಕ್ಕೆ ಹೋದರೆ ಆ ಜಾಗದಲ್ಲಿ ಅಜ್ಜಿಯ ಬೆರಳು. ಪ್ರಾರ್ಥನೆಯ ಹೊತ್ತಿನಲ್ಲೂ ಅವಳು ಎರಡು ಕೈ ಜೋಡಿಸಿದವಳಲ್ಲ. ಒಂದು ಕೈ ಎದೆಯ ಮೇಲೆ, ಇನ್ನೊಂದು ತೊಟ್ಟಿಲೊಳಗೆ. "ಒಂದು ಕೈ ಮೇಲಿನವನಿಗೆ, ಒಂದು ಕೈ ಇವನಿಗೆ. ಮೇಲಿನವನು ಬೇಜಾರು ಮಾಡ್ಕೊಳ್ಳಲ್ಲ ಬಿಡಿ," ಎಂದು ನಗುತ್ತಿದ್ದಳು.

ಅಪ್ಪನ ಕೈ ಹಿಡಿದು ವಾರ್ಡು ಸುತ್ತುತ್ತಿದ್ದ ಕಾಲದಿಂದ ಪಾದ್ರಿಮಗಳು ಆ ಒಂಟಿ ಕೈಯ ಪ್ರಾರ್ಥನೆಯನ್ನು ನೋಡಿದ್ದಳು. ಪಾಪ ಅನ್ನಿಸುತ್ತಿತ್ತು. ಕಾಲೇಜಿನ ಕೊನೆಯ ವರ್ಷ, ನಂಬಿಕೆ ಮತ್ತು ಹೊಸ ಶೋಧ ಎರಡನ್ನೂ ಸೇರಿಸಿ ಸಮಾಜಕ್ಕೆ ಏನು ಮಾಡಬಲ್ಲಿರಿ ಎಂದು ಸ್ಪರ್ಧೆ ಇಟ್ಟಾಗ, ಉಳಿದವರು ದೊಡ್ಡ ದೊಡ್ಡ ಚಿತ್ರ ಬಿಡಿಸಿಕೊಂಡು ಬಂದರು. ಇವಳು ಅಜ್ಜಿಯ ಕಥೆ ಹೇಳಿದಳು. "ಆ ಅಜ್ಜಿಗೂ ಎರಡು ಕೈ ಜೋಡಿಸೋ ಭಾಗ್ಯ ಬರಲಿ. ಅದಕ್ಕೇ ಇದನ್ನ ಮಾಡಿದ್ದೀವಿ," ಎಂದು ಒಂದು ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಮುಂದಿನ ಸಾಲಿನಲ್ಲಿ ಕೂತಿದ್ದ ಪ್ರಿನ್ಸಿಪಾಲರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಬಹುಮಾನ ಅಲ್ಲಿಗೇ ತೀರ್ಮಾನವಾಯಿತು.

ಡಬ್ಬಿ ಸೋಪಿನ ಪೆಟ್ಟಿಗೆಯಷ್ಟೇ ಇತ್ತು. ಅದರಿಂದ ಹೊರಟ ಮೆತ್ತನೆಯ ಪಟ್ಟಿಯನ್ನು ಕೂಸಿನ ಹೊಟ್ಟೆಗೆ ಸುತ್ತಬೇಕು. ಹದಿನೈದು ಸೆಕೆಂಡು ಹೊಟ್ಟೆ ಅಲ್ಲಾಡದಿದ್ದರೆ ಡಬ್ಬಿ ಕಿವಿ ಕಿತ್ತುಹೋಗುವ ಹಾಗೆ ಕಿರುಚುತ್ತಿತ್ತು. ಲೆಕ್ಕಾಚಾರ ಅವಳದು, ಕೈಕೆಲಸ ಅವಳ ಸಹಪಾಠಿಯದು. ಅವನ ಕೈಯಲ್ಲಿ ಯಾವಾಗಲೂ ಬೆಸುಗೆ ಕಡ್ಡಿ, ಹತ್ತೂ ಬೆರಳ ತುದಿಗೆ ಸುಟ್ಟ ಗುರುತು, ಹಾಗಾಗಿ ಅವನ ಹೆಸರೇ ಬೆಸುಗೆ ಎಂದಾಗಿತ್ತು. ಓದು ಮುಗಿದ ಮೇಲೆ ಇಬ್ಬರೂ ಬೇರೆ ಕಡೆಯಿಂದ ಬಂದ ಕರೆಗಳನ್ನು ಬದಿಗಿಟ್ಟು, ಆಸ್ಪತ್ರೆಯ ಹಿಂದಿನ ಔಷಧಿ ಗೋದಾಮಿನಲ್ಲಿ ಒಂದು ಮೇಜು ಹಾಕಿಕೊಂಡು ಹನ್ನೆರಡು ಡಬ್ಬಿ ಕಟ್ಟಿದರು.

ನರ್ಸುಗಳು ಅದಕ್ಕೆ ಕೂಗುಮಾರಿ ಎಂದು ಹೆಸರಿಟ್ಟರು. "ಮಾರಿಗೀರಿ ಅಂತೆಲ್ಲ ಇಲ್ಲಿ ಅನ್ನಬಾರದು," ಎಂದು ಆಸ್ಪತ್ರೆಯ ಮುಖ್ಯಸ್ಥೆ ದೊಡ್ಡ ಡಾಕ್ಟರಮ್ಮ ಗದರಿಸಿ, ಕಾಗದದಲ್ಲಿ ಕಾವಲುಗಾರ ಎಂದು ಬರೆಸಿದರು. ಬಾಯಲ್ಲಿ ಮಾತ್ರ ಕೂಗುಮಾರಿಯೇ ಉಳಿಯಿತು. ಎಂಟು ತಿಂಗಳಲ್ಲಿ ಅದು ನಲವತ್ತೊಂದು ಸಲ ನಿಜವಾಗಿ ಕೂಗಿತ್ತು. ನಲವತ್ತೊಂದು ಸಲವೂ ಯಾರೋ ಓಡಿ ಬಂದು ಅಂಗಾಲಿಗೆ ಪೆಟ್ಟು ಕೊಟ್ಟಿದ್ದರು, ಕೂಸು ಮತ್ತೆ ಉಸಿರೆಳೆದಿತ್ತು. ಇದು ಸುಳ್ಳಲ್ಲ. ಇದನ್ನು ಮರೆತು ಕಥೆ ಹೇಳುವುದು ನ್ಯಾಯವಲ್ಲ.

ತೊಂದರೆ ಏನೆಂದರೆ, ಪಟ್ಟಿ ಸ್ವಲ್ಪ ಜಾರಿದರೂ ಅದು ಕೂಗುತ್ತಿತ್ತು. ಅಪ್ಪ ಸ್ಪೀಕರಿನಲ್ಲಿ ಸೈನಿಕರನ್ನು ಮುಗಿಸಿ ಕಡಲಲ್ಲಿರುವವರನ್ನು ತಲುಪಿದ್ದಾಗ ಒಂದು ಡಬ್ಬಿ ಕಿರುಚುವುದು, ಒಬ್ಬ ನರ್ಸ್ ಕಿಸಕ್ಕನೆ ನಗುವುದು, ಉಳಿದವರು ನಗು ತಡೆಯಲು ತುಟಿ ಕಚ್ಚಿಕೊಳ್ಳುವುದು. ಒಂದು ಬೆಳಿಗ್ಗೆ ಪಾದ್ರಿಮಗಳು ವಾರ್ಡಿಗೆ ಬಂದಾಗ, ಪ್ರಾರ್ಥನೆ ಶುರುವಾಗುವ ಮುಂಚೆ ಡಬ್ಬಿಗಳ ವೈರನ್ನೇ ಕಿತ್ತಿಟ್ಟಿದ್ದರು. ಮುಗಿದ ಮೇಲೆ ಎರಡಕ್ಕೆ ಮತ್ತೆ ಹಾಕುವುದನ್ನು ಮರೆತಿದ್ದರು. ಅವಳೇ ಓಡಿಹೋಗಿ ಆ ಎರಡನ್ನೂ ಹಾಕಿದಳು.

ಆಗ ಹೊಳೆದದ್ದು ಗುಂಡಿ. ಡಬ್ಬಿಯ ಮೇಲೆ ಒಂದು ನೀಲಿ ಗುಂಡಿ. ಒತ್ತಿದರೆ ಐದು ನಿಮಿಷ ಸದ್ದಿಲ್ಲ. ಆಮೇಲೆ ಯಾರ ನೆನಪಿನ ಹಂಗೂ ಇಲ್ಲದೆ ಸದ್ದು ತಾನೇ ವಾಪಸು. ಆ ಐದು ನಿಮಿಷದಲ್ಲಿ ಉಸಿರು ನಿಂತರೆ? ಅದಕ್ಕೂ ಉತ್ತರವಿತ್ತು, ಮೇಲೆ ಕೆಂಪು ದೀಪ ಮಿಣುಕುತ್ತದೆ. ವಾರ್ಡಿನ ತುಂಬ ಜನ ಇರುತ್ತಾರೆ, ಯಾರಾದರೂ ನೋಡೇ ನೋಡುತ್ತಾರೆ ಎಂದು ಅವಳು ಬೆಸುಗೆಗೆ ಹೇಳಿದಳು. ಅವನೂ ಹೌದೆಂದ. ಇಬ್ಬರೂ ಹುಟ್ಟಿದಾಗಿನಿಂದ ಪ್ರಾರ್ಥನೆಯಲ್ಲೇ ಬೆಳೆದವರು. ಪ್ರಾರ್ಥನೆ ಎಂದರೆ ಅವರ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಕಣ್ಣು ಮುಚ್ಚಿ ನಿಂತವರಿಗೆ ಪಕ್ಕದವರ ಕಣ್ಣೂ ಮುಚ್ಚಿರುವುದು ಎಲ್ಲಿ ಕಾಣಬೇಕು? ದೇವರನ್ನು ನಂಬದ ಯಾರಾದರೊಬ್ಬ ಆ ಗೋದಾಮಿಗೆ ಬಂದು ಚಹಾ ಕುಡಿಯುತ್ತ ಕೂತಿದ್ದರೆ, ಒಂದೇ ನಿಮಿಷದಲ್ಲಿ ತಪ್ಪು ಹಿಡಿದಿರುತ್ತಿದ್ದ. ಅಂಥವರು ಅಲ್ಲಿಗೆ ಬರುತ್ತಿರಲಿಲ್ಲ.

ಐದು ನಿಮಿಷ ಸಾಲಲಿಲ್ಲ, ಅಪ್ಪನ ಪ್ರಾರ್ಥನೆ ಗೊತ್ತಲ್ಲ. ಅವಳು ಒಂದು ವಾರ ಗಡಿಯಾರ ಹಿಡಿದು ಕೂತಳು. ಕಡಿಮೆಯೆಂದರೆ ಏಳು, ಹೆಚ್ಚೆಂದರೆ ಒಂಬತ್ತೂವರೆ. ಹತ್ತು ನಿಮಿಷ ಮಾಡಿಟ್ಟಳು. ಮನೆಯಲ್ಲಿ ಅಪ್ಪನಿಗೆ ಹೇಳಿದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಂತೂ ನನ್ನ ಪ್ರಾರ್ಥನೆಗೂ ಅಳತೆ ತೆಗೆದು ಗುಂಡಿ ಹಾಕಿಬಿಟ್ಟೆ ಅನ್ನು."

"ಇನ್ನು ಎಷ್ಟು ಬೇಕಾದ್ರೂ ಎಳೀರಿ ಅಪ್ಪ. ಹತ್ತು ದಾಟದಿದ್ರೆ ಆಯ್ತು."

ಬೆರಳಜ್ಜಿ ಮೊದಮೊದಲು ಮೂತಿ ತಿರುಗಿಸಿದಳು. ಆಮೇಲೆ ಒಂದು ದಿನ, ನೋಡೋಣ ಎಂಬಂತೆ, ತೊಟ್ಟಿಲೊಳಗಿನ ಕೈಯನ್ನೂ ತೆಗೆದು ಎರಡನ್ನೂ ಜೋಡಿಸಿದಳು. ಪಾದ್ರಿಮಗಳು ಆ ದಿನ ಗೋದಾಮಿಗೆ ಹೋಗಿ ಖುಷಿಗೆ ಅತ್ತುಬಿಟ್ಟಳು.

ಏಳನೇ ತೊಟ್ಟಿಲಿನ ಕೂಸಿಗೆ ಸಾಸಿವೆ ಎಂದು ಹೆಸರಿಟ್ಟವರು ಪಾದ್ರಿಗಳೇ. ಸಾಸಿವೆಕಾಳಿನಷ್ಟು ನಂಬಿಕೆ ಇದ್ದರೆ ಸಾಕು ಎಂದು ತಾಯಿಗೆ ಧೈರ್ಯ ಹೇಳುವಾಗ ಬಾಯಿಗೆ ಬಂದ ಹೆಸರು. ತಾಯಿ ಬಟ್ಟೆ ಕಾರ್ಖಾನೆಯ ಅಂಗಿಗಳಿಗೆ ಮನೆಯಲ್ಲೇ ಗುಂಡಿ ಹೊಲಿಯುವವಳು. ಗಂಡ ಲಾರಿಯ ಮೇಲೆ ವಾರಗಟ್ಟಲೆ ದೂರ. ಮೂರು ಬಸುರು ಕಳೆದುಕೊಂಡು ನಾಲ್ಕನೆಯದರಲ್ಲಿ ಇವನು. ಹತ್ತೊಂಬತ್ತು ದಿನದಿಂದ ಅವಳು ಆ ತೊಟ್ಟಿಲು ಬಿಟ್ಟು ಅಲ್ಲಾಡಿರಲಿಲ್ಲ. ಡಬ್ಬಿ ಕಟ್ಟಿದ ಮೇಲೂ ಅವಳ ಬಲಗೈಯ ತೋರುಬೆರಳು ಸಾಸಿವೆಯ ಅಂಗಾಲಿನ ಮೇಲೇ ಇರುತ್ತಿತ್ತು. "ಅದು ಇದೆ ಅಂತ ಗೊತ್ತು. ಆದ್ರೂ ಬೆರಳು ತೆಗೆದ್ರೆ ಏನೋ ಭಯ ಆಗುತ್ತೆ," ಎನ್ನುವಳು.

ಇಪ್ಪತ್ತನೇ ದಿನ ಕಾಲೇಜಿನಿಂದ ಪ್ರಿನ್ಸಿಪಾಲರು ಬಂದರು. ಜೊತೆಗೆ ಆ ವರ್ಷ ಓದು ಮುಗಿಸಿದ ಇಪ್ಪತ್ತು ಜನ. ಹೊರಗೆ ಹೋಗಿ ಏನು ಮಾಡಬೇಕೆಂದು ಅವರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ಯಾವುದು? ಎಲ್ಲರೂ ಬಿಳಿ ಅಂಗಿ ತೊಟ್ಟು ವಾರ್ಡಿನ ಗೋಡೆಯುದ್ದಕ್ಕೂ ಸಾಲಾಗಿ ನಿಂತರು. ಆ ಬೆಳಿಗ್ಗೆ ಅಪ್ಪ ಮೈಕಿನ ಕೋಣೆ ಬಿಟ್ಟು ವಾರ್ಡಿಗೇ ಬಂದಿದ್ದರು. ಬೂಟಿಗೆ ಪಾಲಿಶ್ ಹಾಕಿದ್ದರು.

ಪಾದ್ರಿಮಗಳು ಹನ್ನೆರಡೂ ಗುಂಡಿಗಳನ್ನು ತಾನೇ ಒತ್ತುತ್ತ ಬಂದಳು. ಏಳನೇ ತೊಟ್ಟಿಲಿನ ಬಳಿ ಆ ಬೆರಳು ಕಣ್ಣಿಗೆ ಬಿತ್ತು. ಮನಸ್ಸಿನಲ್ಲಿ ಒಂದು ಸಣ್ಣ ಯೋಚನೆ ಹಾದುಹೋಯಿತು: ಕಾಲೇಜಿನವರು ಇದನ್ನು ನೋಡಿದರೆ, ತಾಯಿಗೇ ಡಬ್ಬಿಯ ಮೇಲೆ ನಂಬಿಕೆ ಇಲ್ಲ ಅಂದುಕೊಳ್ಳುತ್ತಾರೆ. ಅವಳು ಬಗ್ಗಿ, ನಗುತ್ತ, ತಾಯಿಯ ಬೆರಳನ್ನು ಮೆಲ್ಲಗೆ ಎತ್ತಿ ಎರಡೂ ಅಂಗೈಗಳನ್ನು ಸೇರಿಸಿದಳು.

"ಇವತ್ತೊಂದು ದಿನ ಆರಾಮಾಗಿ ಎರಡು ಕೈ ಜೋಡಿಸಿ. ಇವನನ್ನ ಇದು ನೋಡ್ಕೊಳ್ಳುತ್ತೆ."

ತಾಯಿ ನಾಚಿದವಳಂತೆ ನಕ್ಕು ಕಣ್ಣು ಮುಚ್ಚಿದಳು.

ಅಪ್ಪ ಪ್ರಾರ್ಥನೆ ಶುರು ಮಾಡಿದರು. ಅನಾಥರು ಬಂದರು, ಸೈನಿಕರು ಬಂದರು, ಕಡಲಲ್ಲಿರುವವರು ಬಂದರು. ಹೊಸದಾಗಿ ಪದವಿ ಪಡೆದ ಇಪ್ಪತ್ತು ಜನರಿಗಾಗಿ ಒಂದು ದೊಡ್ಡ ಭಾಗ ಬಂತು. ಕೊನೆಗೆ, "ಈ ಕೂಸುಗಳನ್ನು ಕಾಯಲು ನನ್ನ ಮಗಳ ಕೈಗಳನ್ನು ಉಪಯೋಗಿಸಿದ್ದೀಯಲ್ಲ ತಂದೆಯೇ," ಎಂದರು. ಪಾದ್ರಿಮಗಳ ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು. ಹುಟ್ಟಿದ ಮೇಲೆ ಅಷ್ಟು ಸುಖ ಅವಳಿಗೆ ಯಾವತ್ತೂ ಆಗಿರಲಿಲ್ಲ. ಮೂವತ್ತಕ್ಕೂ ಹೆಚ್ಚು ಜನ ಇದ್ದ ಆ ಕೋಣೆಯಲ್ಲಿ ಒಂದು ಕಣ್ಣೂ ತೆರೆದಿರಲಿಲ್ಲ.

ಆಗ ಏಳನೇ ಡಬ್ಬಿ ಕಿರುಚಿತು. ಯಾರೋ ಕಿಸಕ್ಕೆಂದರು, ಪಟ್ಟಿ ಜಾರಿರಬೇಕು ಎಂದು. ಪಾದ್ರಿಮಗಳೂ ಒಂದು ಕ್ಷಣ ಹಾಗೇ ಅಂದುಕೊಂಡು ಕಣ್ಣು ಬಿಟ್ಟಳು. ಪಟ್ಟಿ ಜಾರಿರಲಿಲ್ಲ.

ಡಾಕ್ಟರು, ನರ್ಸುಗಳು, ಬೆರಳಜ್ಜಿ, ಎಲ್ಲರೂ ಮಾಡುವುದನ್ನೆಲ್ಲ ಮಾಡಿದರು. ಅಂಗಾಲಿಗೆ ಪೆಟ್ಟು, ಎದೆಗೆ ಎರಡು ಬೆರಳು, ಬಾಯಿಗೆ ಗಾಳಿ. ನಲವತ್ತು ನಿಮಿಷ. ಬಿಳಿ ಅಂಗಿಯವರು ಒಬ್ಬೊಬ್ಬರಾಗಿ ಹೊರಗೆ ಜಾರಿದರು. ತಾಯಿ ಒಂದು ಸಲವೂ ಕೂಗಲಿಲ್ಲ. ಪಾದ್ರಿಗಳು ಅವಳ ಪಕ್ಕದಲ್ಲಿ ಮಂಡಿಯೂರಿ ಕೂತು, "ದೇವರ ಚಿತ್ತ ಅಮ್ಮ. ಅವನೇ ಕೊಟ್ಟ, ಅವನೇ ಕರ್ಕೊಂಡ," ಎಂದರು. ಅವಳು ತಲೆ ಆಡಿಸಿದಳು.

ಗೋದಾಮಿನಲ್ಲಿ ಬೆಸುಗೆ ಡಬ್ಬಿಯೊಳಗಿನ ಸಣ್ಣ ಕಾರ್ಡು ತೆಗೆದು ಕಂಪ್ಯೂಟರಿಗೆ ಹಾಕಿದ. ಡಬ್ಬಿ ಏನೇನು ಕಂಡಿತೋ ಎಲ್ಲವೂ ಅದರಲ್ಲಿ ಬರೆದಿರುತ್ತಿತ್ತು. ಏಳು ಮೂವತ್ತೊಂದು, ಗುಂಡಿ ಒತ್ತಲಾಗಿದೆ. ಏಳು ಮೂವತ್ಮೂರು, ಉಸಿರಿಲ್ಲ, ಕೆಂಪು ದೀಪ. ಏಳು ನಲವತ್ತೊಂದು, ಸದ್ದು. ಇಬ್ಬರೂ ಆ ಮೂರು ಸಾಲನ್ನು ನೋಡುತ್ತ ಕೂತರು. ಎಂಟು ನಿಮಿಷ ಆ ದೀಪ ಇಡೀ ವಾರ್ಡಿನ ಎದುರಿಗೆ ಮಿಣುಕಿತ್ತು.

"ಗುಂಡಿ ಬೆಸೆದವನು ನಾನು," ಎಂದ ಬೆಸುಗೆ. "ಒಬ್ಬಳೇ ತಲೆ ಮೇಲೆ ಹೊತ್ಕೋಬೇಡ."

"ನಿನ್ನ ಬೆಸುಗೆ ಚೆನ್ನಾಗೇ ಇತ್ತು," ಎಂದಳು ಅವಳು. "ಹೇಳಿದ ಕೆಲಸಾನ ಸರಿಯಾಗೇ ಮಾಡಿದೆ."

ಅವನು ಎದ್ದು, ವಾರ್ಡಿಗೆ ಹೋಗಿ, ಹನ್ನೊಂದು ಡಬ್ಬಿಗಳ ಗುಂಡಿಯನ್ನೂ ಕತ್ತರಿಸಿ ತೆಗೆದ. ತೂತಿಗೆ ಅಂಟುಪಟ್ಟಿ ಹಚ್ಚಿದ. ಕಿತ್ತ ಗುಂಡಿಗಳನ್ನು ಏನು ಮಾಡುವುದೆಂದು ತಿಳಿಯದೆ ಜೇಬಿಗೆ ಹಾಕಿಕೊಂಡು ಬಂದ.

ಕಾರ್ಡಿನಲ್ಲಿದ್ದದ್ದನ್ನು ದೊಡ್ಡ ಡಾಕ್ಟರಮ್ಮನಿಗೆ ತೋರಿಸಿದಾಗ ಅವರು ಓದಿ, ಕನ್ನಡಕ ತೆಗೆದು, ಕಿಟಕಿಯ ಕಡೆ ನೋಡಿದರು. ಕೆಟ್ಟ ಹೆಂಗಸಲ್ಲ ಅವರು. ಆ ವಾರ್ಡು ಕಟ್ಟಲು ಅರ್ಧ ಆಯಸ್ಸು ಸವೆಸಿದವರು.

"ಅಷ್ಟು ಸಣ್ಣ ಕೂಸು. ಬೆರಳಿಟ್ಟಿದ್ರೂ ಹೋಗ್ತಿತ್ತೋ ಏನೋ."

"ನಲವತ್ತೊಂದು ಸಲ ಹೋಗಲಿಲ್ಲ, ಡಾಕ್ಟರ್."

"ಅದನ್ನೇ ಹೇಳ್ತಿದ್ದೀನಿ. ನಲವತ್ತೊಂದು ಸಲ ಉಳಿಸಿದ್ದೀಯ. ಇದನ್ನ ಹೊರಗೆ ಹೇಳಿದ್ರೆ ನಾಳೆ ಒಬ್ಬ ತಾಯಿಯೂ ಆ ಡಬ್ಬಿ ಕಟ್ಟಿಸ್ಕೊಳ್ಳಲ್ಲ. ಆಮೇಲೆ ಹೋಗೋ ಕೂಸುಗಳಿಗೆ ಯಾರು ಹೊಣೆ?"

ಅವಳು ಕಾರ್ಡು ಎತ್ತಿಕೊಂಡು ಎದ್ದಳು.

ಮಣ್ಣು ಮಾಡಿದ್ದು ಮರುದಿನ ಬೆಳಿಗ್ಗೆ, ಆಸ್ಪತ್ರೆಯ ಹಿಂದಿನ ಸಣ್ಣ ಜಾಗದಲ್ಲಿ. ಲಾರಿಯ ಗಂಡ ಹೇಗೋ ಬಂದು ಮುಟ್ಟಿದ್ದ. ಮಗನನ್ನು ಅವನು ನೋಡಿದ್ದು ಅದೇ ಮೊದಲು. ತೋಟದ ಮಾಲಿ ಹಾರೆ ಬದಿಗಿಟ್ಟು, ಪಾದ್ರಿಮಗಳ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಕೇಳಿದ.

"ಅಮ್ಮಾ, ಗುಂಡಿ ಇಷ್ಟು ಸಾಕಾ?"

ಅವಳು ಬೆಚ್ಚಿಬಿದ್ದಳು. ನಮ್ಮ ಮಾತಿನಲ್ಲಿ ಅಂಗಿಗೆ ಹೊಲಿಯುವುದೂ ಗುಂಡಿ, ಒತ್ತುವುದೂ ಗುಂಡಿ, ತೋಡುವುದೂ ಗುಂಡಿ. ಇಷ್ಟು ವರ್ಷ ಆಡಿದ ಮಾತು, ಒಂದು ದಿನವೂ ಅವಳು ಅದನ್ನು ಯೋಚಿಸಿರಲಿಲ್ಲ. ಸಾಕು ಎಂದಳು. ಒಂದು ಮೊಳವೂ ಇರಲಿಲ್ಲ ಅದು.

ಬೆರಳಜ್ಜಿ ಅವಳ ಪಕ್ಕದಲ್ಲೇ ನಿಂತಿದ್ದಳು. "ನಾನೂ ಎರಡೂ ಕೈ ಜೋಡಿಸಿದ್ದೆ ಕಣಮ್ಮ," ಎಂದಳು. "ಮೂವತ್ತು ವರ್ಷ ಜೋಡಿಸಿರಲಿಲ್ಲ. ಜೋಡಿಸಿದ ಮೇಲೆ ಎಷ್ಟು ಹಗುರ ಅನ್ನಿಸ್ತಿತ್ತು ಗೊತ್ತಾ. ಅದೇ ರೂಢಿ ಆಗೋಯ್ತು." ಬೈಗುಳವಾಗಿರಲಿಲ್ಲ ಅದು. ಪಾದ್ರಿಮಗಳಿಗೆ ಬೈಗುಳ ಬೇಕಾಗಿತ್ತು. ಪ್ರಿನ್ಸಿಪಾಲರು ಫೋನ್ ಮಾಡಿ ಧೈರ್ಯ ಹೇಳಿದ್ದರು, ಬೆಸುಗೆ ಪಾಲು ಕೇಳುತ್ತಿದ್ದ, ಡಾಕ್ಟರಮ್ಮ ರಜೆ ತಗೋ ಎಂದಿದ್ದರು. ಯಾರಾದರೂ ಒಬ್ಬರು ಮುಖಕ್ಕೆ ಉಗಿದು, ನೀನೇ ಕೊಂದದ್ದು ಎಂದಿದ್ದರೆ ಸಾಕಿತ್ತು. ಹಾಗೆ ಅನ್ನುವ ಹಕ್ಕಿದ್ದವಳು ಒಬ್ಬಳೇ, ಮತ್ತು ಅವಳಿಗೆ ವಿಷಯವೇ ಗೊತ್ತಿರಲಿಲ್ಲ.

ಮೂರನೇ ದಿನ ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟಿಕೊಳ್ಳುವಾಗ ಅಪ್ಪ ಬಾಗಿಲಿಗೆ ಬಂದರು. ಕಾರ್ಡಿನ ವಿಷಯ ಅವರಿಗೆ ಗೊತ್ತಾಗಿತ್ತು. ಹತ್ತು ನಿಮಿಷ ಯಾಕೆ ಎಂಬುದಂತೂ ಮೊದಲೇ ಗೊತ್ತಿತ್ತು. ಎರಡು ದಿನದಿಂದ ಸ್ಪೀಕರಿನಲ್ಲಿ ಅವರ ಪ್ರಾರ್ಥನೆ ಒಂದು ನಿಮಿಷಕ್ಕೆ ಮುಗಿಯುತ್ತಿತ್ತು. ಅನಾಥರಿಗೂ ಸೈನಿಕರಿಗೂ ಈಗ ಸರದಿಯೇ ಬರುತ್ತಿರಲಿಲ್ಲ.

"ಎಲ್ಲಿಗೆ?"

"ಆ ತಾಯಿ ಮನೆಗೆ. ಹೇಳಿಬಿಟ್ಟು ಬರ್ತೀನಿ."

ಅಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ನಿನ್ನೆ ನಾನು ಹೋಗಿದ್ದೆ. ಎರಡು ತುತ್ತು ಊಟ ಮಾಡಿದಳಂತೆ. ದೇವರ ಚಿತ್ತ ಅನ್ನೋ ಒಂದು ಮಾತು ಹಿಡ್ಕೊಂಡು ನಿಂತಿದ್ದಾಳೆ ಮಗಳೇ. ಅದನ್ನ ಕಿತ್ಕೋಬೇಡ."

"ಅದು ನಿಜ ಅಲ್ಲ ಅಪ್ಪ."

"ನಿನಗೆ ಹೇಗೆ ಗೊತ್ತು?"

"ಕಾರ್ಡಲ್ಲಿ ಇದೆ."

ಅವರು ಏನೋ ಶುರು ಮಾಡಿ ಅರ್ಧಕ್ಕೇ ಬಿಟ್ಟರು. ಅವಳು ಹುಟ್ಟಿದ ಮೇಲೆ ಅಪ್ಪ ಮಾತಿಗೆ ತಡಕಾಡಿದ್ದನ್ನು ನೋಡಿದ್ದು ಅದೇ ಮೊದಲು. "ಅವಳಿಗೋಸ್ಕರ ಹೋಗ್ತಿದ್ದೀಯೋ, ನಿನಗೋಸ್ಕರನೋ?" ಎಂದು ಕೊನೆಗೆ ಕೇಳಿದರು.

ಅವಳು ಚಪ್ಪಲಿಯ ಪಟ್ಟಿ ಬಿಗಿದುಕೊಂಡು ಮೆಟ್ಟಿಲಿಳಿದಳು.

ತಾಯಿಯ ಮನೆ ಎಂದರೆ ಒಂದು ಕೋಣೆ, ಮೂರನೇ ಮಹಡಿ. ಮಂಚದ ಮೇಲೆ ಬಿಳಿ ಅಂಗಿಗಳ ರಾಶಿ, ಕಿಟಕಿಯ ಕೆಳಗೆ ಚಾಪೆ, ಚಾಪೆಯ ಮೇಲೆ ಒಂದು ಡಬ್ಬದ ತುಂಬ ಗುಂಡಿ. ಗಂಡ ಮತ್ತೆ ಲಾರಿ ಹತ್ತಿದ್ದ, ರಜೆ ಸಿಕ್ಕಿದ್ದು ಒಂದೇ ದಿನ. ತಾಯಿ ಅವಳನ್ನು ಕಂಡು ಗಡಬಡಿಸಿ ಎದ್ದಳು. ಅಂಗಿಗಳನ್ನು ಸರಿಸಿ ಜಾಗ ಮಾಡಿದಳು, ಕುಡಿಯಲು ನೀರು ತಂದಳು.

"ನೀವು ಬಂದಿದ್ದು ಒಳ್ಳೇದಾಯ್ತು. ನಿಮ್ಮ ಅಪ್ಪ ದೊಡ್ಡ ಮನುಷ್ಯರು. ನಿನ್ನೆ ಒಂದು ಗಂಟೆ ಕೂತಿದ್ರು," ಎಂದು ಮತ್ತೆ ಸೂಜಿ ಕೈಗೆ ತೆಗೆದುಕೊಂಡಳು. ಬಲಗೈಯ ತೋರುಬೆರಳಿನಿಂದ ಗುಂಡಿಯನ್ನು ಬಟ್ಟೆಗೆ ಒತ್ತಿ ಹಿಡಿದು, ನಾಲ್ಕು ತೂತಿನಲ್ಲೂ ರೂಢಿಯ ಎಡಗೈಯಿಂದ ಸೂಜಿಯನ್ನು ಸರಸರ ಆಡಿಸಿದಳು. "ಕೈಗೆ ಕೆಲಸ ಇದ್ರೆ ಸ್ವಲ್ಪ ಪರವಾಗಿಲ್ಲ."

ಪಾದ್ರಿಮಗಳು ನೀರು ಮುಟ್ಟಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಎಲ್ಲಿಗೋ ಹೋಗಿದ್ದವು. ಕೈಗೆ ಸಿಕ್ಕಿದ್ದನ್ನು ಹೇಳಿದಳು. ಗುಂಡಿ ಯಾಕೆ ಮಾಡಿದೆ ಎಂದಳು. ಹತ್ತು ನಿಮಿಷ ಸದ್ದು ಇರಲಿಲ್ಲ ಎಂದಳು. ಎರಡನೇ ನಿಮಿಷಕ್ಕೇ ಉಸಿರು ನಿಂತಿತ್ತು, ಕೆಂಪು ದೀಪ ಉರಿಯುತ್ತಿತ್ತು, ಎಲ್ಲರ ಕಣ್ಣೂ ಮುಚ್ಚಿತ್ತು ಎಂದಳು. "ದೇವರು ಮಾಡಿದ್ದಲ್ಲ ಅಮ್ಮ. ನಾನು ಮಾಡಿದ್ದು. ನನ್ನ ತಪ್ಪು. ನೀವು ಏನು ಅಂದ್ರೂ ಅನ್ನಿಸ್ಕೊಳ್ತೀನಿ. ಪೊಲೀಸರಿಗೆ ಹೇಳ್ಬೇಕು ಅಂದ್ರೂ ಕಾರ್ಡು ನಾನೇ ತಂದುಕೊಡ್ತೀನಿ," ಎಂದು ತಲೆ ತಗ್ಗಿಸಿ ಕೂತಳು. ಏಟೋ ಬೈಗುಳವೋ ಬೀಳಲಿ ಎಂದು ಕಾಯುತ್ತಿದ್ದಳು.

ಏನೂ ಬೀಳಲಿಲ್ಲ. ಸೂಜಿ ನಿಂತಿತ್ತು.

"ಅಂದ್ರೆ, ನಾನು ಬೆರಳು ಇಟ್ಟಿದ್ದಿದ್ರೆ?" ಎಂದಳು ತಾಯಿ.

ಪಾದ್ರಿಮಗಳು ತಲೆ ಎತ್ತಿದಳು. ಮೂರು ದಿನದಿಂದ ಎಲ್ಲ ದಿಕ್ಕಿನಿಂದಲೂ ಯೋಚಿಸಿದ್ದಳು. ಈ ದಿಕ್ಕೊಂದು ಹೊಳೆದಿರಲಿಲ್ಲ.

"ಬೆರಳು ತೆಗೆಸಿದವಳು ನಾನು," ಎಂದಳು ಅವಸರದಿಂದ. "ನಾನೇ ಎತ್ತಿದ್ದು. ನೀವಾಗಿ ತೆಗೀಲಿಲ್ಲ."

"ನೀವು ಎತ್ತಿದ್ರಿ. ನಾನು ಬಿಟ್ಟೆ. ಒಳಗೆ ಬೇಡ ಬೇಡ ಅನ್ನಿಸ್ತಿತ್ತು. ಓದಿದವರು ಹೇಳ್ತಿದ್ದಾರಲ್ಲ ಅಂತ ಬಿಟ್ಟೆ." ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ದೇವರು ಕರ್ಕೊಂಡ ಅಂತ ಪಾದ್ರಿಗಳು ಅಂದಾಗ, ದೇವರು ಕರೆದ್ರೆ ಬೆರಳು ಏನು ಮಾಡೋಕಾಗುತ್ತೆ ಅಂದ್ಕೊಂಡಿದ್ದೆ. ಈಗ ಹೇಳಿ. ಇಟ್ಟಿದ್ದಿದ್ರೆ ಉಳೀತಿತ್ತಾ?"

ಸುಳ್ಳು ಹೇಳಬಹುದಿತ್ತು. ಬೆರಳಿಟ್ಟಿದ್ದರೂ ಹೋಗುತ್ತಿತ್ತು ಎಂದು ದೊಡ್ಡ ಡಾಕ್ಟರಮ್ಮನ ಮಾತನ್ನೇ ಒಪ್ಪಿಸಬಹುದಿತ್ತು. ಆದರೆ ನಿಜ ಹೇಳುತ್ತೇನೆಂದು ಮೂರು ಮಹಡಿ ಹತ್ತಿ ಬಂದವಳು ಅವಳು.

"ಉಳೀತಿತ್ತೇನೋ."

"ಏನೋ ಬೇಡ."

"ಉಳೀತಿತ್ತು," ಎಂದಳು ಪಾದ್ರಿಮಗಳು.

ತಾಯಿ ತಲೆ ಆಡಿಸಿದಳು, ವಾರ್ಡಿನಲ್ಲಿ ಪಾದ್ರಿಗಳಿಗೆ ಆಡಿಸಿದ ಹಾಗೆಯೇ. ಬೈಯಲಿಲ್ಲ. ಅಳಲಿಲ್ಲ. ಕೆಳಗಿನ ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸುತ್ತ ಹೋದರು. ಸೂಜಿಯಿಂದ ದಾರ ಜಾರಿ ಬಂದಿತ್ತು. ಅವಳು ಎರಡು ಸಲ ಪೋಣಿಸಲು ನೋಡಿದಳು, ಆಗಲಿಲ್ಲ. ಸೂಜಿಯನ್ನೂ ದಾರವನ್ನೂ ಪಾದ್ರಿಮಗಳ ಕಡೆ ಚಾಚಿದಳು.

"ಇದೊಂದು ಪೋಣಿಸಿಕೊಟ್ಟು ಹೋಗಿ. ಸಂಜೆ ಒಳಗೆ ಇವಿಷ್ಟೂ ಕೊಡಬೇಕು."

ಸೂಕ್ಷ್ಮ ಕೆಲಸದಲ್ಲಿ ಪಳಗಿದ ಕೈ ಅವಳದು, ಒಂದೇ ಸಲಕ್ಕೆ ಪೋಣಿಸಿಕೊಟ್ಟಳು. ಎದ್ದಳು. ಬಾಗಿಲ ಹತ್ತಿರ ಬಂದು ತಿರುಗಿ ನೋಡಿದಳು.

ತಾಯಿ ಅಂಗಿಯನ್ನು ಮಡಿಲಿಗೆ ಎಳೆದುಕೊಂಡಿದ್ದಳು. ಎಡಗೈಯೊಂದರಲ್ಲೇ ಸೂಜಿ ಹಿಡಿದು ಗುಂಡಿಯ ತೂತು ಹುಡುಕುತ್ತಿದ್ದಳು. ಒತ್ತಿ ಹಿಡಿಯುವ ಬೆರಳಿಲ್ಲದೆ ಗುಂಡಿ ಮತ್ತೆ ಮತ್ತೆ ಜಾರುತ್ತಿತ್ತು. ಬಲಗೈಯನ್ನು ಅವಳು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತಿದ್ದಳು.